ಪರರಾಜ್ಯದಲ್ಲಿ ಕೈಹಾಕುವ ಅಧಿಕಾರವು ರಾಷ್ಟ್ರಗಳಿಗುಂಟೇ?



ಒಂದು ರಾಜ್ಯವು ತನ್ನ ಎಲ್ಲೆಯನ್ನು ದಾಟಿ ಮತ್ತೊಂದು ರಾಜ್ಯದ ಒಳಗಣ ವ್ಯವಹಾರದಲ್ಲಿ ಬಲಾತ್ಕಾರದಿಂದ ಕೈಹಾಕುವುದು ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆಯು ರಾಜತಂತ್ರಜ್ಞರಿಗೂ ವಕೀಲರಿಗೂ ಮಾತ್ರ ಸೇರಿದುದೆಂದು ಅನೇಕರು ಭಾವಿಸುವರು. ನಾವು ಹಾಗೆ ಭಾವಿಸುವುದಿಲ್ಲ. ನಮ್ಮ ಶಾಲೆಯ ಮೇಲಿನ ತರಗತಿಗಳಲ್ಲಿ ಚರಿತ್ರೆಯ ಪಾಠ ನಡೆಯುವಾಗ ಹೆಣ್ಣುಮಕ್ಕಳು ಈ ಪ್ರಶ್ನೆಯನ್ನು ತಾವಾಗಿಯೇ ಎತ್ತುವುದುಂಟು. ಒಂದು ದೇಶವನ್ನು ಆಳುವವರು ತಮ್ಮ ಪ್ರಜೆಗಳನ್ನೇ ಕೊಲ್ಲುತ್ತಿರುವಾಗ ನೆರೆದೇಶದವರು ನೋಡುತ್ತಾ ಕುಳಿತಿರಬೇಕೇ ಎಂದು ಅವರು ಕೇಳುವರು. ಇದಕ್ಕೆ ಒಂದೇ ಮಾತಿನಲ್ಲಿ ಹೌದೆಂದಾಗಲಿ ಅಲ್ಲವೆಂದಾಗಲಿ ಉತ್ತರ ಕೊಡುವ ಉಪಾಧ್ಯಾಯಿನಿಯು ಮಕ್ಕಳಿಗೆ ಅರ್ಧ ಸತ್ಯವನ್ನು ಮಾತ್ರ ಕಲಿಸಿದಂತಾಗುವುದು. ಆದಕಾರಣ ತರಗತಿಯಲ್ಲಿ ನಾವು ಹಂತಹಂತವಾಗಿ ವಿವರಿಸುವ ಈ ಪಾಠವನ್ನು ಸ್ಮರಣಸಂಚಿಕೆಯ ವಾಚಕರ ಮುಂದೆಯೂ ಇಡುತ್ತೇವೆ.

೧. ನಿಯಮವೇನು?

ಮೊದಲು ಪದದ ಅರ್ಥವನ್ನು ಗೊತ್ತುಮಾಡಿಕೊಳ್ಳುವುದು ಯುಕ್ತ. ಒಂದು ದೇಶವು ಮತ್ತೊಂದಕ್ಕೆ ಬುದ್ಧಿ ಹೇಳುವುದು, ಅದರ ನಡತೆಯನ್ನು ಸಭೆಯಲ್ಲಿ ಖಂಡಿಸುವುದು, ಅಲ್ಲಿಂದ ಓಡಿಬಂದ ನಿರಾಶ್ರಿತರಿಗೆ ನೆಲೆ ಕೊಡುವುದು, ಹಸಿದವರಿಗೆ ಪಕ್ಷಪಾತವಿಲ್ಲದೆ ಅನ್ನವಸ್ತ್ರಗಳನ್ನು ಕಳುಹಿಸುವುದು ಇವು ಯಾವುವೂ ನ್ಯಾಯಶಾಸ್ತ್ರದಲ್ಲಿ ನಿಷಿದ್ಧವಾದ ಹಸ್ತಕ್ಷೇಪವಲ್ಲ. ಯಾವ ವಿಷಯವನ್ನು ಒಂದು ರಾಜ್ಯವು ತಾನೇ ಸ್ವತಂತ್ರವಾಗಿ ನಿರ್ಣಯಿಸತಕ್ಕದ್ದೋ ಆ ವಿಷಯದಲ್ಲಿ ಅದನ್ನು ಬಲಾತ್ಕಾರದಿಂದ ಬಗ್ಗಿಸಲೆತ್ನಿಸುವುದೇ ಹಸ್ತಕ್ಷೇಪವು. ಅದರ ಅತ್ಯುಗ್ರವಾದ ರೂಪವೇ ದಂಡೆತ್ತಿ ಹೋಗುವುದು.

ಈ ವಿಷಯದಲ್ಲಿ ಇಂದಿನ ಜಗತ್ತಿಗೆ ಮೂಲವಾದ ಶಾಸನವು ವಿಶ್ವಸಂಸ್ಥೆಯ ಸನ್ನದು. ಎರಡನೆಯ ಮಹಾಯುದ್ಧವು ಇನ್ನೂ ಪೂರ್ತಿಯಾಗಿ ಮುಗಿಯುವುದಕ್ಕೆ ಮುಂಚೆಯೇ, ೧೯೪೫ನೆಯ ಇಸವಿ ಜೂನ್ ೨೬ನೆಯ ತಾರೀಖು, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಇದಕ್ಕೆ ಸಹಿಯಾಯಿತು. ಭಾರತದ ಪರವಾಗಿ ಸಹಿಮಾಡಿದವರಲ್ಲಿ, ಮುಂದೆ ಮೈಸೂರಿನ ದಿವಾನರಾದ ಅರ್ಕಾಟು ರಾಮಸ್ವಾಮಿ ಮೊದಲಿಯಾರರೂ ಒಬ್ಬರು. ಈ ಸನ್ನದಿನ ಎರಡನೆಯ ವಿಧಿಯ ನಾಲ್ಕನೆಯ ಉಪವಿಧಿಯು, ಯಾವ ರಾಜ್ಯವೂ ಮತ್ತೊಂದು ರಾಜ್ಯದ ನೆಲಕ್ಕಾಗಲಿ ಸ್ವಾತಂತ್ರ್ಯಕ್ಕಾಗಲಿ ವಿರೋಧವಾಗಿ ಬಲಪ್ರಯೋಗ ಮಾಡಕೂಡದು, ಬಲದ ಬೆದರಿಕೆಯನ್ನೂ ಹಾಕಕೂಡದು ಎಂದು ವಿಧಿಸಿರುವುದು. ಏಳನೆಯ ಉಪವಿಧಿಯಂತೆ, ಒಂದು ರಾಜ್ಯದ ಒಳಗಿನ ವ್ಯವಹಾರಗಳಲ್ಲಿ ವಿಶ್ವಸಂಸ್ಥೆಯೂ ಸಹ ಸುಮ್ಮನೆ ಪ್ರವೇಶಿಸಲಾಗದು. ದೊಡ್ಡ ರಾಜ್ಯವಾಗಲಿ ಚಿಕ್ಕ ರಾಜ್ಯವಾಗಲಿ, ನ್ಯಾಯದ ದೃಷ್ಟಿಯಲ್ಲಿ ಎಲ್ಲವೂ ಸಮಾನ.

ಈ ಕಟ್ಟುನಿಟ್ಟು ಏತಕ್ಕೆ? ಚರಿತ್ರೆಯೇ ಉತ್ತರ ಹೇಳುವುದು. ನಮ್ಮ ನಾಡಿನ ಉದಾಹರಣೆಯನ್ನೇ ನೋಡೋಣ. ೧೮೩೪ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು, ಕೊಡಗಿನ ಅರಸನಾದ ಚಿಕ್ಕವೀರರಾಜೇಂದ್ರನು ಪ್ರಜೆಗಳನ್ನು ಕ್ರೌರ್ಯದಿಂದ ಪೀಡಿಸುತ್ತಿದ್ದಾನೆಂದು ಕಾರಣ ಹೇಳಿ ದಂಡನ್ನು ನುಗ್ಗಿಸಿದರು. ಅರಸನನ್ನು ಇಳಿಸಿದ ಮೇಲೆ, ಜನರೇ ಕಂಪನಿಯ ಆಳಿಕೆಯನ್ನು ಬಯಸಿರುವರೆಂದು ಘೋಷಣೆ ಹೊರಡಿಸಿದರು. ಬಿಡಿಸಲು ಬಂದವರು ೧೯೪೭ರ ವರೆಗೂ ಹೊರಡಲಿಲ್ಲ. ಅದಕ್ಕೆ ಮೂರು ವರ್ಷಗಳ ಮುಂಚೆ, ೧೮೩೧ರಲ್ಲಿ, ದುರಾಡಳಿತದ ಕಾರಣ ಹೇಳಿಯೇ ಮೈಸೂರಿನ ಆಡಳಿತವನ್ನೂ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡಿದ್ದರು. ಅದನ್ನು ಹಿಂದಕ್ಕೆ ಕೊಟ್ಟದ್ದು ಐವತ್ತು ವರ್ಷಗಳ ತರುವಾಯ, ೧೮೮೧ರಲ್ಲಿ. ಅರಸರಲ್ಲಿ ದೋಷವಿರಲಿಲ್ಲವೆಂದು ನಾವು ಹೇಳುವುದಿಲ್ಲ. ದೋಷವಿತ್ತೇ, ಎಷ್ಟಿತ್ತು, ಅದಕ್ಕೆ ಪರಿಹಾರವೇನು ಎಂಬುದನ್ನು ನಿರ್ಣಯಿಸಿದವರೂ, ಆ ನಿರ್ಣಯದಿಂದ ನೆಲವನ್ನು ಲಾಭಮಾಡಿಕೊಂಡವರೂ ಒಬ್ಬರೇ ಆಗಿದ್ದರೆಂಬುದು ಮಾತ್ರ ಇಲ್ಲಿ ಗಮನಿಸತಕ್ಕ ಸಂಗತಿ.

ಇದೇ ನೆವವು ಇತರ ದೇಶಗಳಲ್ಲಿಯೂ ಮತ್ತೆ ಮತ್ತೆ ಕೇಳಿಬಂದಿದೆ. ೧೯೩೮ರಲ್ಲಿ ಹಿಟ್ಲರನು ಜೆಕೊಸ್ಲೊವಾಕಿಯದಲ್ಲಿದ್ದ ಜರ್ಮನ್ ಜನರನ್ನು ಹಿಂಸೆಯಿಂದ ಕಾಪಾಡಬೇಕೆಂದೇ ಹೇಳಿ ಸುಡೆಟನ್ ಪ್ರಾಂತವನ್ನು ಕಿತ್ತುಕೊಂಡನು. ೨೦೨೨ರ ಫೆಬ್ರವರಿಯಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿದಾಗಲೂ, ಅಲ್ಲಿನ ಪೂರ್ವಭಾಗದ ಜನರನ್ನು ನರಮೇಧದಿಂದ ಉಳಿಸುವುದಕ್ಕಾಗಿ ಎಂದೇ ಕಾರಣ ಕೊಟ್ಟಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ೧೪೧ ರಾಷ್ಟ್ರಗಳು ಆ ಕೃತ್ಯವನ್ನು ಖಂಡಿಸಿದುವು. ಕರುಣೆಯ ಮಾತು ಎಲ್ಲರ ನಾಲಗೆಗೂ ಸುಲಭ. ಆದುದರಿಂದಲೇ ಆ ಮಾತನ್ನಾಡಿದ ಮಾತ್ರಕ್ಕೆ ಗಡಿಯ ಬಾಗಿಲು ತೆರೆಯಕೂಡದೆಂದು ನ್ಯಾಯವು ಹೇಳುವುದು.

೨. ನಿಯಮಕ್ಕಿರುವ ಅಪವಾದಗಳು

ಈ ನಿಯಮಕ್ಕೆ ಮೂರು ಅಪವಾದಗಳು ಅಂಗೀಕೃತವಾಗಿವೆ. ಮೊದಲನೆಯದು ಆತ್ಮರಕ್ಷಣೆ. ತನ್ನ ಮೇಲೆ ಶಸ್ತ್ರಾಕ್ರಮಣ ನಡೆದಾಗ ಪ್ರತಿಯಾಗಿ ಹೋರಾಡುವ ಹಕ್ಕು ಪ್ರತಿ ರಾಜ್ಯಕ್ಕೂ ಸಹಜವಾಗಿ ಇರುವುದೆಂದು ಸನ್ನದಿನ ೫೧ನೆಯ ವಿಧಿಯು ಒಪ್ಪುವುದು. ಎರಡನೆಯದು ಭದ್ರತಾ ಮಂಡಳಿಯ ಅಪ್ಪಣೆ. ಲೋಕದ ಶಾಂತಿಗೆ ಭಂಗ ಬಂದಿದೆಯೆಂದು ಈ ಮಂಡಳಿಯು ನಿಶ್ಚಯಿಸಿದರೆ, ಏಳನೆಯ ಅಧ್ಯಾಯದ ಮೇರೆಗೆ ಬಲಪ್ರಯೋಗಕ್ಕೆ ಅಪ್ಪಣೆ ಕೊಡಬಹುದು. ೧೯೯೦ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ನುಂಗಿದಾಗ ಮಂಡಳಿಯು ಹೀಗೆ ಅಪ್ಪಣೆ ಕೊಟ್ಟಿತು. ಮುಂದಿನ ಫೆಬ್ರವರಿಯಲ್ಲಿ ಕುವೈತು ಬಿಡುಗಡೆಯಾಯಿತು. ಮೂರನೆಯದು ಆ ರಾಜ್ಯದ ಸರಕಾರವೇ ಕೊಡುವ ಒಪ್ಪಿಗೆ. ೧೯೮೮ರ ನವೆಂಬರಿನಲ್ಲಿ ಮಾಲ್ದೀವಿನ ಅಧ್ಯಕ್ಷರು, ಕೂಲಿಯ ಬಂಟರು ರಾಜಧಾನಿಯ ಮೇಲೆ ಬಿದ್ದಿದ್ದಾರೆಂದು ಮೊರೆಯಿಡಲು, ಭಾರತದ ಸೈನ್ಯವು ಅಲ್ಲಿಗೆ ಹೋಗಿ ಅವರನ್ನು ಅಡಗಿಸಿತು.

ಇವುಗಳಲ್ಲಿ ಎರಡನೆಯದೇ ಪೀಡಿತ ಪ್ರಜೆಗಳಿಗೆ ಮುಖ್ಯವಾದ ಆಶ್ರಯ. ಆದರೆ ಅದರಲ್ಲಿ ದೊಡ್ಡ ತೊಡಕೊಂದಿದೆ. ಮಂಡಳಿಯ ೧೫ ಸದಸ್ಯರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯ, ಚೀನ ಎಂಬ ಐದು ರಾಷ್ಟ್ರಗಳು ಖಾಯಂ ಸದಸ್ಯರು. ಮುಖ್ಯವಾದ ನಿರ್ಣಯವು ಬಂದಾಗ ಇವುಗಳಲ್ಲಿ ಯಾವುದಾದರೂ ಒಂದು ರಾಷ್ಟ್ರವು ವೀಟೋ ಎಂಬ ನಿಷೇಧಮತವನ್ನು ಹಾಕಿದರೆ ಸಾಕು, ಉಳಿದ ಹದಿನಾಲ್ಕು ಮತಗಳೂ ವ್ಯರ್ಥ. ಹೀಗಾಗಿ ಯಾವ ದುಷ್ಟ ಸರಕಾರಕ್ಕೆ ಈ ಐವರಲ್ಲಿ ಒಬ್ಬ ಗೆಳೆಯನಿರುವನೋ ಅದಕ್ಕೆ ಶಿಕ್ಷೆಯ ಭಯವು ಕಡಿಮೆ.

೩. ನ್ಯಾಯಾಲಯವು ಹೇಳಿದುದೇನು?

ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಈ ಪ್ರಶ್ನೆಯು ಮೊದಲನೆಯ ವ್ಯಾಜ್ಯದಲ್ಲಿಯೇ ಬಂದಿತು. ೧೯೪೬ರಲ್ಲಿ ಕಾರ್ಫೂ ಜಲಸಂಧಿಯಲ್ಲಿ ಬ್ರಿಟನ್ನಿನ ಎರಡು ಯುದ್ಧನೌಕೆಗಳಿಗೆ ಸಿಡಿಗುಂಡುಗಳು ತಾಗಿ ೪೦ಕ್ಕೂ ಹೆಚ್ಚು ಮಂದಿ ಸತ್ತರು. ತರುವಾಯ ಬ್ರಿಟಿಷ್ ನೌಕಾಬಲವು ಅಲ್ಬೇನಿಯದ ಒಪ್ಪಿಗೆಯಿಲ್ಲದೆ ಅದರ ನೀರಿನೊಳಗೆ ಹೋಗಿ ಸಿಡಿಗುಂಡುಗಳನ್ನು ಶೋಧಿಸಿ ತೆಗೆಯಿತು. ೧೯೪೯ರ ಏಪ್ರಿಲ್ ೯ರಂದು ನ್ಯಾಯಾಲಯವು, ಎಚ್ಚರಿಕೆ ಕೊಡದಿದ್ದ ಅಲ್ಬೇನಿಯದ ಮೇಲೆ ಹಾನಿಯ ಹೊಣೆಯನ್ನು ಹೊರಿಸಿತು. ಅದರೊಂದಿಗೆ, ಬ್ರಿಟನ್ನಿನ ಆ ಶೋಧನೆಯೂ ಅಲ್ಬೇನಿಯದ ಸಾರ್ವಭೌಮತ್ವಕ್ಕೆ ಭಂಗವೆಂದು ತೀರ್ಮಾನಿಸಿತು. ಹಸ್ತಕ್ಷೇಪದ ಹಕ್ಕೆಂಬುದನ್ನು ಒಪ್ಪಿದರೆ ಅದು ಬಲಿಷ್ಠ ರಾಷ್ಟ್ರಗಳ ಕೈಗೆ ಮಾತ್ರ ದಕ್ಕುವುದೆಂಬುದು ನ್ಯಾಯಾಧೀಶರ ಅಭಿಪ್ರಾಯವಾಗಿತ್ತು.

೧೯೮೬ರ ಜೂನ್ ೨೭ರಂದು ಅದೇ ನ್ಯಾಯಾಲಯವು ನಿಕರಾಗುವ ಎಂಬ ಸಣ್ಣ ರಾಜ್ಯದ ಮೊರೆಯನ್ನು ಎತ್ತಿಹಿಡಿಯಿತು. ಅಲ್ಲಿನ ಸರಕಾರದ ಮೇಲೆ ಬಂಡೆದ್ದವರಿಗೆ ಆಯುಧವನ್ನೂ ತರಬೇತನ್ನೂ ಕೊಟ್ಟುದು, ಬಂದರುಗಳಲ್ಲಿ ಸಿಡಿಗುಂಡುಗಳನ್ನು ಇಡಿಸಿದುದು ಅಮೆರಿಕದ ತಪ್ಪೆಂದು ತೀರ್ಪಾಯಿತು. ಮಾನವ ಹಕ್ಕುಗಳನ್ನು ಉಳಿಸುವುದಕ್ಕೆ ಬಲಪ್ರಯೋಗವು ತಕ್ಕ ಉಪಾಯವಲ್ಲವೆಂದೂ ನ್ಯಾಯಾಲಯವು ಹೇಳಿತು. ತೀರ್ಪನ್ನು ಪಾಲಿಸಬೇಕೆಂಬ ನಿರ್ಣಯವು ಭದ್ರತಾ ಮಂಡಳಿಗೆ ಬಂದಾಗ ಅಮೆರಿಕವು ವೀಟೋ ಹಾಕಿತು. ತೀರ್ಪು ಮಾತ್ರ ಇಂದಿಗೂ ನಿಂತಿರುವುದು.

ಇಲ್ಲಿಯ ವರೆಗೆ ಓದಿದವರು, ಹಾಗಾದರೆ ಗೋಡೆಯೊಳಗೆ ಏನು ನಡೆದರೂ ಲೋಕಕ್ಕೆ ಸಂಬಂಧವಿಲ್ಲವೇ ಎಂದು ಕೇಳಬಹುದು. ಸಂಬಂಧವಿದೆ. ೧೯೪೮ರ ಡಿಸೆಂಬರ್ ೯ರಂದು ಅಂಗೀಕೃತವಾದ ಒಡಂಬಡಿಕೆಯೊಂದರ ಮೂಲಕ, ನರಮೇಧವನ್ನು ತಡೆಯುವುದೂ ದಂಡಿಸುವುದೂ ತಮ್ಮ ಕರ್ತವ್ಯವೆಂದು ರಾಷ್ಟ್ರಗಳು ಒಪ್ಪಿಕೊಂಡವು. ಮರುದಿನವೇ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯು ಹೊರಟಿತು. ಅದರ ಮೊದಲ ವಿಧಿಯಲ್ಲಿ ಪುರುಷರೆಲ್ಲರೂ ಎಂಬ ಅರ್ಥದ ಮಾತನ್ನು ತೆಗೆಯಿಸಿ, ಮಾನವರೆಲ್ಲರೂ ಎಂದು ಬರೆಯಿಸುವುದರಲ್ಲಿ ನಮ್ಮ ದೇಶದ ಶ್ರೀಮತಿ ಹಂಸಾ ಮೆಹ್ತಾ ಅವರು ಮುಖ್ಯ ಪಾತ್ರ ವಹಿಸಿದರೆಂಬುದನ್ನು ನಮ್ಮ ಹೆಣ್ಣುಮಕ್ಕಳು ಮರೆಯಬಾರದು. ಅಂದಿನಿಂದ, ಪ್ರಜೆಗಳನ್ನು ನಡೆಸಿಕೊಳ್ಳುವ ರೀತಿಯು ಕೇವಲ ತನ್ನ ಮನೆಯ ಮಾತೆಂದು ಯಾವ ಸರಕಾರವೂ ಹೇಳುವಂತಿಲ್ಲ. ಸಂಬಂಧವುಂಟೆಂಬುದು ಹೀಗೆ ಸ್ಥಿರಪಟ್ಟಿತು. ಆದರೆ ಆ ಸಂಬಂಧದಿಂದ ಕತ್ತಿ ಹಿಡಿಯುವ ಹಕ್ಕು ಹುಟ್ಟುವುದೇ ಎಂಬುದು ಬೇರೆಯ ಪ್ರಶ್ನೆಯಾಗಿ ಉಳಿಯಿತು.

೪. ಪೂರ್ವ ಬಂಗಾಳದ ಪರೀಕ್ಷೆ

ಈ ಪ್ರಶ್ನೆಯು ೧೯೭೧ರಲ್ಲಿ ನಮ್ಮ ದೇಶದ ಬಾಗಿಲಿಗೇ ಬಂದಿತು. ಮಾರ್ಚ್ ೨೫ರ ರಾತ್ರಿ ಪಾಕಿಸ್ತಾನದ ಸೈನ್ಯವು ಢಾಕಾ ನಗರದಲ್ಲಿ ತನ್ನ ಪ್ರಜೆಗಳ ಮೇಲೆಯೇ ಬಿದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ವಿದ್ಯಾರ್ಥಿಗಳು, ಅಧ್ಯಾಪಕರು, ಹಳ್ಳಿಯ ಬಡವರು ಲೆಕ್ಕವಿಲ್ಲದಷ್ಟು ಮಂದಿ ಹತರಾದರು. ಸ್ತ್ರೀಯರ ಮೇಲೆ ನಡೆದ ಅತ್ಯಾಚಾರವಂತೂ ಹೇಳತೀರದು. ಸುಮಾರು ಒಂದು ಕೋಟಿ ಜನರು ಗಡಿ ದಾಟಿ ಭಾರತಕ್ಕೆ ಬಂದರು. ಪ್ರಧಾನಮಂತ್ರಿಗಳಾಗಿದ್ದ ಶ್ರೀಮತಿ ಇಂದಿರಾ ಗಾಂಧಿಯವರು ಪಾಶ್ಚಾತ್ಯ ದೇಶಗಳ ರಾಜಧಾನಿಗಳನ್ನು ಸುತ್ತಿ ಈ ಸಂಕಟವನ್ನು ನಿವೇದಿಸಿದರು. ಕೊಲೆಯನ್ನು ನಿಲ್ಲಿಸುವ ಯಾವ ಕ್ರಮವೂ ವಿಶ್ವಸಂಸ್ಥೆಯಿಂದ ಹೊರಡಲಿಲ್ಲ.

ಡಿಸೆಂಬರ್ ೩ರಂದು ಪಾಕಿಸ್ತಾನದ ವಿಮಾನಗಳು ಭಾರತದ ವಿಮಾನನೆಲೆಗಳ ಮೇಲೆ ಎರಗಿದುವು; ಯುದ್ಧವು ಬಹಿರಂಗವಾಯಿತು. ೧೬ನೆಯ ತಾರೀಖು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯವು ಶರಣಾಯಿತು. ಭಾರತವು ಮುಖ್ಯವಾಗಿ ಆತ್ಮರಕ್ಷಣೆಯ ವಾದವನ್ನೇ ಹೂಡಿತು. ಆದರೆ ನಮ್ಮ ದೇಶವೆಂಬ ಕಾರಣದಿಂದ ನಾವು ಮಕ್ಕಳಿಗೆ ಉಳಿದ ಸಂಗತಿಗಳನ್ನು ಮರೆಮಾಡಲಾಗದು. ಡಿಸೆಂಬರಿಗೆ ಮುಂಚೆಯೇ ಭಾರತವು ಮುಕ್ತಿವಾಹಿನಿಯವರಿಗೆ ತರಬೇತನ್ನೂ ಆಯುಧಗಳನ್ನೂ ಕೊಡುತ್ತಿತ್ತು. ನವೆಂಬರಿನಲ್ಲಿಯೇ ಗಡಿಯಲ್ಲಿ ಕದನಗಳಾಗಿದ್ದುವು. ಹದಿನೈದು ವರ್ಷಗಳ ತರುವಾಯ ನಿಕರಾಗುವದ ವ್ಯಾಜ್ಯದಲ್ಲಿ ನ್ಯಾಯಾಲಯವು ಇಂಥ ಸಹಾಯವನ್ನೇ ತಪ್ಪೆಂದಿತು. ೧೯೭೧ರ ಡಿಸೆಂಬರ್ ೭ರಂದು ಸಾಮಾನ್ಯ ಸಭೆಯು, ಯುದ್ಧವನ್ನು ನಿಲ್ಲಿಸಿ ಸೈನ್ಯಗಳನ್ನು ಹಿಂದೆಗೆಯಬೇಕೆಂದು ೧೦೪ ಮತಗಳಿಂದ ನಿರ್ಣಯಿಸಿತು. ವಿರೋಧವಾಗಿ ಬಂದ ಮತಗಳು ೧೧ ಮಾತ್ರ. ಲೋಕದ ಬಹುಮತವು ಅಂದು ನಮ್ಮ ಕಡೆಗಿರಲಿಲ್ಲ.

ಹಾಗಿದ್ದರೂ ಇಂದು ಹಿಂದಿರುಗಿ ನೋಡುವಾಗ ಆ ಕಾರ್ಯವನ್ನು ಕೊಡಗಿನ ಸಾಲಿಗೆ ಸೇರಿಸುವವರು ವಿರಳ. ಕಾರಣವೇನು? ಸಂಕಟವು ಕಟ್ಟುಕಥೆಯಾಗಿರಲಿಲ್ಲ, ಒಂದು ಕೋಟಿ ನಿರಾಶ್ರಿತರೇ ಸಾಕ್ಷಿಗಳಾಗಿದ್ದರು. ತಿಂಗಳುಗಟ್ಟಲೆ ಬೇರೆ ಉಪಾಯಗಳು ಸೋತಿದ್ದುವು. ಎಲ್ಲಕ್ಕಿಂತ ಮಿಗಿಲಾಗಿ, ೧೯೭೨ರ ಮಾರ್ಚಿಯಲ್ಲಿಯೇ ಭಾರತದ ಸೈನ್ಯವು ಬಾಂಗ್ಲಾದೇಶವನ್ನು ಬಿಟ್ಟು ಹಿಂದಿರುಗಿತು. ಆ ನೆಲದಲ್ಲಿ ತನಗೆಂದು ಏನನ್ನೂ ಉಳಿಸಿಕೊಳ್ಳಲಿಲ್ಲ. ಇದಕ್ಕೆ ಹೋಲಿಸಿ ನೋಡತಕ್ಕ ಇನ್ನೊಂದು ಉದಾಹರಣೆಯುಂಟು. ಕಾಂಬೋಡಿಯದಲ್ಲಿ ಪೋಲ್ ಪಾಟನ ಆಳಿಕೆಯಲ್ಲಿ ಸುಮಾರು ೧೫ರಿಂದ ೨೦ ಲಕ್ಷ ಜನರು ಸತ್ತರು. ೧೯೭೯ರ ಜನವರಿಯಲ್ಲಿ ವಿಯೆಟ್ನಾಮಿನ ಸೈನ್ಯವು ಆ ಘೋರವನ್ನು ಕೊನೆಗಾಣಿಸಿತು; ಆದರೆ ೧೯೮೯ರ ವರೆಗೂ ಅಲ್ಲಿಯೇ ಬೀಡುಬಿಟ್ಟಿತು. ಬಿಡಿಸಿದ ಪುಣ್ಯವು ಬಹುಮಟ್ಟಿಗೆ ಅದರಿಂದಲೇ ಮಾಸಿಹೋಯಿತು.

೫. ಕುಳಿತು ನೋಡಿದ ಪಾಪ

ಯಾರೂ ಹೋಗದಿರುವುದೇ ಕ್ಷೇಮವೆನ್ನುವವರು ರುವಾಂಡದ ಕಥೆಯನ್ನು ಓದಬೇಕು. ೧೯೯೪ರ ಏಪ್ರಿಲಿನಿಂದ ಜುಲೈ ವರೆಗೆ, ಸುಮಾರು ನೂರು ದಿನಗಳಲ್ಲಿ, ಅಲ್ಲಿ ಸುಮಾರು ೮ ಲಕ್ಷ ಜನರನ್ನು, ಮುಖ್ಯವಾಗಿ ಟುಟ್ಸಿ ಪಂಗಡದವರನ್ನು, ಕೊಚ್ಚಿ ಕೊಂದರು. ವಿಶ್ವಸಂಸ್ಥೆಯ ಒಂದು ಶಾಂತಿಪಡೆಯು ಆ ದೇಶದಲ್ಲಿಯೇ ಇತ್ತು. ಅದರ ನಾಯಕನಾದ ಕೆನಡದ ಡಲೇರ್ ಎಂಬವರು ಹೆಚ್ಚಿನ ಬಲವನ್ನು ಬೇಡಿದರು. ಕೊಲೆಯು ಭರದಿಂದ ನಡೆಯುತ್ತಿದ್ದ ಏಪ್ರಿಲ್ ೨೧ರಂದು ಭದ್ರತಾ ಮಂಡಳಿಯು ಆ ಪಡೆಯನ್ನು ೨೭೦ ಜನಕ್ಕೆ ಇಳಿಸಬೇಕೆಂದು ನಿರ್ಣಯಿಸಿತು. ಇಲ್ಲಿ ನ್ಯಾಯದ ಅಡ್ಡಿಯೇನೂ ಇರಲಿಲ್ಲ, ಮಂಡಳಿಗೆ ಪೂರ್ಣಾಧಿಕಾರವಿತ್ತು. ಇಲ್ಲದೆಹೋದದ್ದು ಮನಸ್ಸು.

ಐದು ವರ್ಷಗಳ ತರುವಾಯ ಕೊಸೋವೋ ಪ್ರಾಂತದಲ್ಲಿ ಇದಕ್ಕೆ ವಿಪರೀತವಾದುದು ನಡೆಯಿತು. ಸರ್ಬಿಯದ ಸೈನ್ಯವು ಅಲ್ಬೇನಿಯನ್ ಜನರನ್ನು ಪೀಡಿಸುತ್ತಿರಲು, ನೇಟೋ ಕೂಟದವರು ಮಂಡಳಿಯ ಅಪ್ಪಣೆಯಿಲ್ಲದೆಯೇ ೧೯೯೯ರ ಮಾರ್ಚ್ ೨೪ರಿಂದ ೭೮ ದಿನ ಬಾಂಬುಗಳನ್ನು ಸುರಿಸಿದರು. ಸರ್ಬಿಯದ ದಂಡು ಹಿಂದೆಗೆಯಿತು. ಓಡಿಹೋಗಿದ್ದ ಜನರು ಮನೆಗೆ ಮರಳಿದರು. ಆದರೆ ಬಾಂಬುಗಳಿಗೆ ನಿರಪರಾಧಿಗಳೂ ಬಲಿಯಾದರು. ಈ ಸಂಗತಿಯನ್ನು ವಿಚಾರಣೆ ಮಾಡಿದ ಸ್ವತಂತ್ರ ಆಯೋಗವೊಂದು ೨೦೦೦ದಲ್ಲಿ, ಆ ಕೃತ್ಯವು ಕಾನೂನಿಗೆ ವಿರುದ್ಧ, ಆದರೂ ಧರ್ಮಕ್ಕೆ ಸಮ್ಮತ ಎಂಬರ್ಥದ ಅಭಿಪ್ರಾಯವನ್ನು ಕೊಟ್ಟಿತು. ಕಾನೂನೂ ಧರ್ಮವೂ ಬೇರೆಬೇರೆ ದಾರಿ ಹಿಡಿದಾಗ ಲೋಕವು ಎಂಥ ಇಕ್ಕಟ್ಟಿಗೆ ಬೀಳುವುದೆಂಬುದಕ್ಕೆ ಈ ಮಾತೇ ಸಾಕ್ಷಿ.

೬. ಎರಡು ಮನೆಗಳ ನಡುವಣ ಗೋಡೆ

ಈ ಇಕ್ಕಟ್ಟನ್ನು ಬಿಡಿಸುವುದಕ್ಕಾಗಿ ೨೦೦೫ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ರಾಷ್ಟ್ರನಾಯಕರು, ರಕ್ಷಣೆಯ ಹೊಣೆ ಎಂಬ ತತ್ತ್ವವನ್ನು ಒಪ್ಪಿಕೊಂಡರು. ನರಮೇಧ, ಯುದ್ಧಾಪರಾಧ, ಜನಾಂಗ ನಿರ್ಮೂಲನ, ಮಾನವಕುಲಕ್ಕೆ ವಿರುದ್ಧವಾದ ಅಪರಾಧ ಈ ನಾಲ್ಕರಿಂದ ಪ್ರಜೆಗಳನ್ನು ಕಾಯುವ ಹೊಣೆಯು ಮೊದಲು ಆಯಾ ರಾಜ್ಯದ್ದು. ಆ ರಾಜ್ಯವು ಪ್ರಕಟವಾಗಿ ತಪ್ಪಿದರೆ ಲೋಕವೆಲ್ಲವೂ ಕೂಡಿ, ಭದ್ರತಾ ಮಂಡಳಿಯ ಮೂಲಕ, ಕಾರ್ಯ ನಡೆಸಬಹುದು. ಒಂಟಿ ರಾಷ್ಟ್ರಕ್ಕೆ ಸ್ವತಂತ್ರವಾದ ಹಕ್ಕನ್ನು ಇಲ್ಲಿಯೂ ಕೊಡಲಿಲ್ಲವೆಂಬುದನ್ನು ಗಮನಿಸಬೇಕು.

ಅದೇ ತಿಂಗಳಲ್ಲಿಯೇ ನಮ್ಮ ದೇಶದಲ್ಲಿ ಕೌಟುಂಬಿಕ ಹಿಂಸೆಯಿಂದ ಸ್ತ್ರೀಯರನ್ನು ರಕ್ಷಿಸುವ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಪಕ್ಕದ ಮನೆಯಲ್ಲಿ ಹೆಂಗಸೊಬ್ಬಳು ಪೆಟ್ಟು ತಿಂದು ಕೂಗುವುದನ್ನು ಕೇಳಿಯೂ, ಅದು ಅವರ ಮನೆಯ ಮಾತು ಎಂದು ಕಿವಿ ಮುಚ್ಚಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಈ ಕಾನೂನಾದರೋ, ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದೆನ್ನುವುದು. ಎರಡು ಶಾಸನಗಳ ತಿರುಳೂ ಒಂದೇ: ಗೋಡೆಯು ಮನೆಯವರ ಮಾನವನ್ನು ಕಾಯುವುದಕ್ಕೆ ಇರುವುದು, ಹೊಡೆಯುವವನ ಕೈಯನ್ನು ಕಾಯುವುದಕ್ಕಲ್ಲ. ಒಂದು ಭೇದ ಮಾತ್ರ ಉಂಟು. ನಮ್ಮ ಬೀದಿಯಲ್ಲಿ ದೂರು ಕೊಟ್ಟರೆ ಬರತಕ್ಕ ಪೋಲೀಸಿನವರಿರುವರು. ರಾಷ್ಟ್ರಗಳ ಬೀದಿಯಲ್ಲಿ ಬರುವವರು ಬರದಿರುವವರು ಎಲ್ಲರೂ ನೆರೆಯವರೇ.

ಹೊಸ ತತ್ತ್ವದ ಮೊದಲ ದೊಡ್ಡ ಪರೀಕ್ಷೆಯು ಲಿಬಿಯದಲ್ಲಿ ನಡೆಯಿತು. ೨೦೧೧ರ ಮಾರ್ಚ್ ೧೭ರಂದು ಮಂಡಳಿಯು ಅಲ್ಲಿನ ಪ್ರಜೆಗಳನ್ನು ಕಾಪಾಡಲು ಬಲಪ್ರಯೋಗಕ್ಕೆ ಅಪ್ಪಣೆ ಕೊಟ್ಟಿತು. ಹತ್ತು ಮತಗಳು ಅನುಕೂಲವಾಗಿದ್ದುವು. ಭಾರತವೂ ಸೇರಿ ಐದು ರಾಷ್ಟ್ರಗಳು ತಟಸ್ಥವಾಗಿದ್ದುವು. ನೇಟೋ ವಿಮಾನಗಳ ಕಾರ್ಯವು ಗಡಾಫಿಯ ಸರಕಾರವು ಬೀಳುವ ವರೆಗೂ ನಿಲ್ಲಲಿಲ್ಲ. ಆ ಮೇಲೆ ದೇಶವು ಪಂಗಡಗಳ ಕಲಹದಲ್ಲಿ ಹೋಳಾಯಿತು. ರಕ್ಷಿಸಲು ಪಡೆದ ಅಪ್ಪಣೆಯನ್ನು ಸರಕಾರ ಉರುಳಿಸಲು ಉಪಯೋಗಿಸಿದರೆಂಬ ದೂರು ಹುಟ್ಟಿತು. ಅದೇ ಕಾಲದಲ್ಲಿ ಸಿರಿಯದ ಜನರು ಸಾಯತೊಡಗಿದಾಗ, ಈ ದೂರನ್ನು ಮುಂದೆ ಮಾಡಿದ ರಷ್ಯವೂ ಚೀನವೂ ನಿರ್ಣಯಗಳಿಗೆ ವೀಟೋ ಹಾಕಿದುವು. ಒಂದು ಕಡೆ ನಂಬಿಕೆ ಕೆಟ್ಟುದರ ಬೆಲೆಯನ್ನು ಮತ್ತೊಂದು ಕಡೆಯ ಮಕ್ಕಳು ತೆತ್ತರು.

೭. ನಮ್ಮ ನಿಷ್ಕರ್ಷೆ

ಹಾಗಾದರೆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವೇನು? ಒಂಟಿ ರಾಷ್ಟ್ರವೊಂದು ತಾನೇ ನ್ಯಾಯಾಧಿಪತಿಯಾಗಿ ಪರರಾಜ್ಯದಲ್ಲಿ ಕೈಹಾಕುವ ಹಕ್ಕು ಇಂದಿನ ನ್ಯಾಯದಲ್ಲಿ ಇಲ್ಲ. ಇರಕೂಡದೆಂಬುದೇ ನಮ್ಮ ಅಭಿಪ್ರಾಯವೂ ಆಗಿದೆ. ಕೊಲೆ ನಡೆಯುತ್ತಿರುವಾಗ ಬಾಗಿಲೊಡೆದು ಒಳಹೊಕ್ಕವನನ್ನು ಯಾರೂ ಕಳ್ಳನೆನ್ನರು. ಆದರೆ ಬಾಗಿಲೊಡೆಯುವುದನ್ನು ಎಲ್ಲರಿಗೂ ಹಕ್ಕಾಗಿ ಕೊಟ್ಟ ಊರಿನಲ್ಲಿ ಬಡವನ ಮನೆಗೆ ಬಾಗಿಲೇ ಉಳಿಯದು. ಒಂದು ಕೃತ್ಯವನ್ನು ಅದರ ಕಾರಣವನ್ನು ನೋಡಿ ಮನ್ನಿಸುವುದು ಬೇರೆ, ಅದನ್ನೇ ಕಟ್ಟಳೆಯಾಗಿ ಮಾಡುವುದು ಬೇರೆ. ಪೂರ್ವ ಬಂಗಾಳದ ಕಾರ್ಯವನ್ನು ಲೋಕವು ಕಾಲಕ್ರಮದಲ್ಲಿ ಮನ್ನಿಸಿತು; ಅದರಿಂದ ಹೊಸ ಹಕ್ಕೊಂದನ್ನು ಹುಟ್ಟಿಸಲಿಲ್ಲ. ಇದರಲ್ಲಿ ವಿವೇಕವಿದೆಯೆಂದು ನಾವು ನಂಬುತ್ತೇವೆ.

ನಮ್ಮ ವಾಚಕರಲ್ಲಿ ರಾಷ್ಟ್ರಗಳ ದಂಡನ್ನು ನಡೆಸುವವರು ಯಾರೂ ಇರಲಾರರು. ಆದರೆ ಎಲ್ಲರೂ ವರ್ತಮಾನಪತ್ರಿಕೆಗಳನ್ನು ಓದುವವರು, ಮತ ಕೊಡುವವರು, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುವವರು. ಒಂದು ರಾಷ್ಟ್ರವು ದೀನರನ್ನು ಉಳಿಸಲು ಗಡಿ ದಾಟಿದೆನೆಂದು ಸಾರಿದಾಗ ಈ ಐದು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ನಮ್ಮ ಹೆಣ್ಣುಮಕ್ಕಳಿಗೆ ಕಲಿಸುತ್ತೇವೆ. ಸಂಕಟವು ನಿಜವೇ, ಅದಕ್ಕೆ ಹೋಗುವವನ ಬಾಯಿಯಲ್ಲದೆ ಬೇರೆ ಸಾಕ್ಷಿಯುಂಟೇ? ಶಾಂತಿಯ ಉಪಾಯಗಳೆಲ್ಲವನ್ನೂ ಮೊದಲು ಪ್ರಯತ್ನಿಸಿದರೇ? ಅಪ್ಪಣೆಯನ್ನು ಯಾರಿಂದ ಪಡೆದರು? ಯಾರನ್ನು ಉಳಿಸಲು ಹೋದರೋ ಅವರೇ ಬಾಂಬಿನ ಕೆಳಗೆ ಬಿದ್ದರೇ? ಕೆಲಸ ಮುಗಿದ ಮೇಲೆ ಬರಿಗೈಯಲ್ಲಿ ಮನೆಗೆ ಹಿಂದಿರುಗಿದರೇ?

ಇದರೊಂದಿಗೆ ಆರನೆಯದೊಂದುಂಟು; ಅದನ್ನು ಅನ್ಯರಿಗಲ್ಲ, ನಮಗೇ ಹಾಕಿಕೊಳ್ಳಬೇಕು. ಗಡಿ ದಾಟಿ ಓಡಿಬಂದ ತಾಯಿಗೂ ಕೂಸಿಗೂ ನೆಲೆ ಕೊಡುವುದಕ್ಕೆ ಯಾವ ಮಂಡಳಿಯ ಅಪ್ಪಣೆಯೂ ಬೇಡ, ಯಾರ ವೀಟೋ ಕೂಡ ಅದನ್ನು ತಡೆಯಲಾರದು. ೧೯೭೧ರಲ್ಲಿ ಭಾರತವು ಒಂದು ಕೋಟಿ ಜನರಿಗೆ ಬಾಗಿಲು ತೆರೆದುದು ಯುದ್ಧಕ್ಕಿಂತ ಮುಂಚಿನ ಕಾರ್ಯ. ಅದರ ನ್ಯಾಯವನ್ನು ಲೋಕದಲ್ಲಿ ಯಾರೂ ಪ್ರಶ್ನಿಸಲಿಲ್ಲ. ಸೈನ್ಯವನ್ನು ಕಳುಹಿಸಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಬಹು ಉತ್ಸಾಹವನ್ನು ತೋರಿಸುವ ರಾಷ್ಟ್ರವು ನಿರಾಶ್ರಿತರು ಬಾಗಿಲಿಗೆ ಬಂದಾಗ ಏನು ಮಾಡಿತೆಂಬುದನ್ನು ನೋಡಿದರೆ ಅದರ ಕರುಣೆಯ ತೂಕವು ತಿಳಿಯುವುದು. ನಮ್ಮ ವಿದ್ಯಾರ್ಥಿನಿಯರು ಈ ತೂಕವನ್ನು ಅರಿತವರಾಗಿ ಬಾಳಲೆಂದೂ, ತಮ್ಮ ಮನೆಯ ಮಕ್ಕಳಿಗೂ ಇದನ್ನು ಕಲಿಸಲೆಂದೂ ಹಾರೈಸುತ್ತೇವೆ.